ಮಾದಲಕ್ಕೆಷ್ಟು, ಬೇಲದ ಹಣ್ಣಿಗೆಷ್ಟು?

ಒಂಬತ್ತು ಮಾದಲ ಹಣ್ಣು ಮತ್ತು ಏಳು ಬೇಲದ ಹಣ್ಣು ಕೊಂಡರೆ ಒಟ್ಟು ಬೆಲೆ 107. ಏಳು ಮಾದಲ ಮತ್ತು ಒಂಬತ್ತು ಬೇಲ ಕೊಂಡರೆ 101. ಹಾಗಾದರೆ ಒಂದು ಮಾದಲಕ್ಕೆಷ್ಟು, ಒಂದು ಬೇಲದ ಹಣ್ಣಿಗೆಷ್ಟು?

ಪ್ರೌಢಶಾಲೆಗೆ ಹೋಗುವ ಮಕ್ಕಳ ಕೈಗೆ ಈ ಲೆಕ್ಕ ಕೊಟ್ಟು ನೋಡಿ. ಮಾದಲಕ್ಕೆ ‘ಎಕ್ಸ್’, ಬೇಲಕ್ಕೆ ‘ವೈ’ ಎಂದು ಬರೆದುಕೊಂಡು ಎರಡು ಸಮೀಕರಣಗಳನ್ನು ಒಂದರ ಕೆಳಗೊಂದು ಇಡುತ್ತಾರೆ. ಎಕ್ಸ್, ವೈ ಬಂದ ಕೂಡಲೇ ಇದು ಎಲ್ಲಿಂದಲೋ ಹಡಗು ಹತ್ತಿ ಬಂದ ವಿದ್ಯೆ ಎಂಬ ಭಾವನೆ ಹುಟ್ಟುವುದು ಸಹಜ. ಬೀಜಗಣಿತವೆಂದರೆ ಕಬ್ಬಿಣದ ಕಡಲೆ, ಪರೀಕ್ಷೆ ಮುಗಿದ ಮರುದಿನ ಮರೆಯಬೇಕಾದದ್ದು ಎಂದು ಎಷ್ಟೋ ಮಂದಿ ದೊಡ್ಡವರೂ ತಿಳಿದಿದ್ದಾರೆ.

ಆದರೆ ಮಾದಲ ಮತ್ತು ಬೇಲದ ಈ ಲೆಕ್ಕ ಇಂದಿನ ಪಠ್ಯಪುಸ್ತಕದ್ದಲ್ಲ. ಇದಕ್ಕೆ ಸುಮಾರು 1,170 ವರ್ಷ ವಯಸ್ಸಾಗಿದೆ. ಇದನ್ನು ಹಾಕಿದವನು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯ. ಹೆಸರಿನಿಂದಲೇ ತಿಳಿಯುವಂತೆ ಹಣ್ಣುಗಳೂ ನಮ್ಮ ನೆಲದವೇ. ಸಂತೆಯಲ್ಲಿ ಹುಟ್ಟಿದ ಪ್ರಶ್ನೆ ಶಾಲೆಯ ಕರಿಹಲಗೆ ತಲುಪುವಷ್ಟರಲ್ಲಿ ಪರಕೀಯವಾಗಿ ಕಾಣತೊಡಗಿದ್ದು ಹೇಗೆ? ಸಾಲ, ನಿವೇಶನ, ನೀರು, ತೆರಿಗೆ ಎಂದು ದಿನಕ್ಕೆ ಹತ್ತು ಲೆಕ್ಕ ಎದುರಿಸುವ ಇಂದಿನ ಸಂಸಾರಸ್ಥರಿಗೆ ಆ ವಿದ್ಯೆಯಿಂದ ಏನು ಪ್ರಯೋಜನ?

ಮಳಖೇಡದ ಗಣಿತ

ಅಮೋಘವರ್ಷ ಸುಮಾರು 814ರಿಂದ 878ರವರೆಗೆ ಆಳಿದವನು. ಅವನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ ರಚನೆಯಾದದ್ದು ಈ ಆಸ್ಥಾನದಲ್ಲೇ. ಅದೇ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದ. ಹಿಂದಿನ ಗಣಿತಜ್ಞರಲ್ಲಿ ಹೆಚ್ಚಿನವರು ಗಣಿತವನ್ನು ಜ್ಯೋತಿಷ ಗ್ರಂಥಗಳ ಒಂದು ಅಧ್ಯಾಯವಾಗಿ ಹೇಳಿದ್ದರು. ಮಹಾವೀರನದು ಗಣಿತಕ್ಕೆಂದೇ ಮೀಸಲಾದ, ಒಂಬತ್ತು ಅಧ್ಯಾಯಗಳ, ಸಾವಿರಕ್ಕೂ ಹೆಚ್ಚು ಪದ್ಯಗಳ ಪುಸ್ತಕ.

ಪುಸ್ತಕದ ಆರಂಭದಲ್ಲೇ ಆತ ಗಣಿತದ ಬಳಕೆಯ ದೊಡ್ಡ ಪಟ್ಟಿ ಕೊಡುತ್ತಾನೆ. ಲೌಕಿಕ ವ್ಯವಹಾರ, ವೈದಿಕ ಕರ್ಮ, ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು ಎಂದು ಸಾಗುವ ಆ ಪಟ್ಟಿಯ ತಾತ್ಪರ್ಯ, ಗಣಿತವನ್ನು ಬಿಟ್ಟು ಜಗತ್ತಿನಲ್ಲಿ ಯಾವುದೂ ಇಲ್ಲ ಎಂಬುದು. ಮುಂದೆ ಕೂಡುವುದು ಕಳೆಯುವುದರಿಂದ ಹಿಡಿದು ಭಿನ್ನರಾಶಿ, ತ್ರೈರಾಶಿಕ, ಬಡ್ಡಿ, ಹೊಲದ ಅಳತೆ, ಗುಂಡಿ ತೋಡುವ ಲೆಕ್ಕ, ನೆರಳಿನಿಂದ ಎತ್ತರ ತಿಳಿಯುವ ಲೆಕ್ಕದವರೆಗೆ ವಿಷಯಗಳು ಬೆಳೆಯುತ್ತವೆ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಆತ ಸ್ಪಷ್ಟವಾಗಿ ಹೇಳಿದ್ದಾನೆ. ಹಾಗೆಂದು ಎಲ್ಲವೂ ಸರಿಯಾಗಿತ್ತೆಂದಲ್ಲ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೆಯೇ ಉಳಿಯುತ್ತದೆ ಎಂದೂ ಹೇಳಿದ್ದಾನೆ. ಇಂದಿನ ಗಣಿತ ಇದನ್ನು ಒಪ್ಪುವುದಿಲ್ಲ.

ಈ ಗ್ರಂಥ ಮರೆತುಹೋದದ್ದಲ್ಲ. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಲ್ಲಿ ಅಚ್ಚು ಹಾಕಿಸಿದರು. ಕನ್ನಡ ಅನುವಾದದೊಡನೆ ಡಾ. ಪದ್ಮಾವತಮ್ಮ ಅವರು ಸಿದ್ಧಪಡಿಸಿದ ಆವೃತ್ತಿ 2000ದಲ್ಲಿ ಹೊಂಬುಜದಿಂದ ಹೊರಬಂತು.

ಎಕ್ಸ್ ಇಲ್ಲದೆ ಬಿಡಿಸುವುದು

ಈಗ ಹಣ್ಣಿನ ಲೆಕ್ಕಕ್ಕೆ ಬರೋಣ. ಮಹಾವೀರನ ಸೂತ್ರ ಹೀಗಿದೆ: ದೊಡ್ಡ ಮೊತ್ತವನ್ನು ದೊಡ್ಡ ಸಂಖ್ಯೆಯಿಂದ ಗುಣಿಸಿ, ಚಿಕ್ಕ ಮೊತ್ತವನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಬಂದದ್ದನ್ನು ಎರಡು ಸಂಖ್ಯೆಗಳ ವರ್ಗಗಳ ವ್ಯತ್ಯಾಸದಿಂದ ಭಾಗಿಸಿ. 107ನ್ನು 9ರಿಂದ ಗುಣಿಸಿದರೆ 963. 101ನ್ನು 7ರಿಂದ ಗುಣಿಸಿದರೆ 707. ವ್ಯತ್ಯಾಸ 256. ಒಂಬತ್ತರ ವರ್ಗ 81, ಏಳರ ವರ್ಗ 49. ಇವುಗಳ ವ್ಯತ್ಯಾಸ 32. 256ನ್ನು 32ರಿಂದ ಭಾಗಿಸಿದರೆ 8. ಇದು ಒಂದು ಮಾದಲದ ಬೆಲೆ. ಒಂಬತ್ತು ಮಾದಲಕ್ಕೆ 72 ಹೋದರೆ 107ರಲ್ಲಿ ಉಳಿಯುವುದು 35. ಅದು ಏಳು ಬೇಲದ ಬೆಲೆ. ಅಂದರೆ ಬೇಲಕ್ಕೆ 5.

ಇದಕ್ಕಿಂತ ಸುಲಭವಾದ ಬಾಯಿಲೆಕ್ಕವೂ ಇದೆ. ಎರಡು ಖರೀದಿಗಳನ್ನು ಕೂಡಿಸಿದರೆ 16 ಮಾದಲ ಮತ್ತು 16 ಬೇಲಕ್ಕೆ 208. ಒಂದೊಂದು ಹಣ್ಣಿನ ಜೋಡಿಗೆ 13. ಎರಡು ಖರೀದಿಗಳನ್ನು ಹೋಲಿಸಿದರೆ ಮೊದಲನೆಯದರಲ್ಲಿ ಎರಡು ಮಾದಲ ಹೆಚ್ಚು, ಎರಡು ಬೇಲ ಕಡಿಮೆ. ಅದಕ್ಕೆ 6 ಹೆಚ್ಚಾಗಿದೆ. ಹಾಗಾದರೆ ಒಂದು ಮಾದಲ ಒಂದು ಬೇಲಕ್ಕಿಂತ 3 ಹೆಚ್ಚು. ಎರಡೂ ಸೇರಿ 13, ನಡುವಿನ ಅಂತರ 3 ಎಂದ ಮೇಲೆ 8 ಮತ್ತು 5 ಎಂದು ಹೇಳಲು ಕಾಗದವೂ ಬೇಡ.

ಎಕ್ಸ್, ವೈ ಬಳಸುವವರು ಮಾಡುವುದೂ ಇದನ್ನೇ. ಗೊತ್ತಿಲ್ಲದ್ದಕ್ಕೆ ಒಂದು ಹೆಸರು ಕೊಟ್ಟು, ಗೊತ್ತಿರುವುದರ ಜೊತೆ ಅದರ ಸಂಬಂಧವನ್ನು ಬರೆಯುತ್ತಾರೆ, ಅಷ್ಟೆ. ನಮ್ಮ ಹಳೆಯ ಗಣಿತಜ್ಞರು ಆ ಹೆಸರನ್ನು ‘ಯಾವತ್ತಾವತ್’ ಎಂದು ಕರೆದರು. ‘ಎಷ್ಟೋ ಅಷ್ಟು’ ಎಂಬುದು ಅದರ ಅರ್ಥ. ಗೊತ್ತಿಲ್ಲದ ಸಂಖ್ಯೆಗಳು ಒಂದಕ್ಕಿಂತ ಹೆಚ್ಚಾದರೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರು ಕೊಟ್ಟರು. ಮಹಾವೀರನಿಗಿಂತ ಒಂದು ತಲೆಮಾರು ಹಿಂದೆ ಬಾಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿ ಬರೆದ ಪುಸ್ತಕದ ಹೆಸರಿನಲ್ಲಿರುವ ‘ಅಲ್ ಜಬ್ರ್’ ಎಂಬ ಪದವೇ ಇಂಗ್ಲಿಷಿನಲ್ಲಿ ಆಲ್ಜೀಬ್ರಾ ಆಯಿತು. ಆತನೂ ಅಕ್ಷರಗಳನ್ನು ಬಳಸಲಿಲ್ಲ. ಎಲ್ಲವನ್ನೂ ಮಾತಿನಲ್ಲೇ ಬರೆದ. ಗೊತ್ತಿಲ್ಲದ್ದಕ್ಕೆ ಎಕ್ಸ್, ವೈ, ಜೆಡ್ ಎಂದು ಬರೆಯುವ ರೂಢಿ ನೆಲೆಗೊಂಡದ್ದು ಫ್ರಾನ್ಸಿನ ದೆಕಾರ್ತ 1637ರಲ್ಲಿ ಪ್ರಕಟಿಸಿದ ಪುಸ್ತಕದ ನಂತರ.

ಶಾಲೆಯಲ್ಲಿ ಮಕ್ಕಳನ್ನು ಹೆದರಿಸುವ ಇನ್ನೊಂದು ಮಾತು ‘ಪಕ್ಷಾಂತರ’. ಸಮಚಿಹ್ನೆಯ ಆಚೆಗೆ ಹೋದ ಕೂಡಲೇ ಧನ ಋಣವಾಗುತ್ತದೆ, ಋಣ ಧನವಾಗುತ್ತದೆ. ರಾಜಕೀಯದ ಪಕ್ಷಾಂತರದಲ್ಲಿ ಚಿಹ್ನೆ ಬದಲಾಗುವುದನ್ನು ಕಂಡಿರುವ ನಮಗೆ ಇದು ನೆನಪಿಡಲು ಸುಲಭ. ಆದರೆ ಏಕೆ ಬದಲಾಗುತ್ತದೆ ಎಂದು ತಿಳಿಯಲು ತಕ್ಕಡಿಯನ್ನು ನೋಡಬೇಕು. ಒಂದು ತಟ್ಟೆಯಲ್ಲಿ ಒಂದು ಕುಂಬಳಕಾಯಿ ಮತ್ತು 2 ಕೆಜಿ ಬಟ್ಟು, ಇನ್ನೊಂದರಲ್ಲಿ 5 ಕೆಜಿ ಬಟ್ಟು ಇದ್ದು ತಕ್ಕಡಿ ಸಮವಾಗಿದೆ ಎನ್ನೋಣ. ಎರಡೂ ಕಡೆಯಿಂದ 2 ಕೆಜಿ ತೆಗೆದರೂ ತಕ್ಕಡಿ ಸಮವಾಗಿಯೇ ಇರುತ್ತದೆ. ಕುಂಬಳಕಾಯಿಯ ತೂಕ 5ರಲ್ಲಿ 2 ಕಳೆದು 3. ಎರಡು ಈ ಕಡೆಯಿಂದ ಆ ಕಡೆಗೆ ಹಾರಿ ಹೋಗಿ ಋಣವಾಗಲಿಲ್ಲ. ಎರಡೂ ಕಡೆ ಒಂದೇ ಕೆಲಸ ಮಾಡಿದೆವು.

ಕಡಿದ ಮುತ್ತಿನ ಹಾರ

ಮಹಾವೀರನ ಪುಸ್ತಕದಲ್ಲಿ ರಸಿಕತೆಗೂ ಕೊರತೆಯಿಲ್ಲ. ಪ್ರಣಯ ಕಲಹದಲ್ಲಿ ಹೆಣ್ಣೊಬ್ಬಳ ಮುತ್ತಿನ ಹಾರ ಕಡಿಯುತ್ತದೆ. ಮುತ್ತುಗಳಲ್ಲಿ ಮೂರನೇ ಒಂದು ಭಾಗ ದಾಸಿಯ ಬಳಿ ಸೇರಿತು. ಆರನೇ ಒಂದು ಭಾಗ ಹಾಸಿಗೆಯ ಮೇಲೆ ಬಿತ್ತು. ಉಳಿದುದರಲ್ಲಿ ಅರ್ಧ, ಆಮೇಲೆ ಉಳಿದುದರಲ್ಲಿ ಅರ್ಧ ಎಂದು ಆರು ಸಲ ಸುತ್ತಲೂ ಚೆದುರಿತು. ದಾರದಲ್ಲಿ ಉಳಿದದ್ದು 1,161 ಮುತ್ತು. ಮೊದಲು ಎಷ್ಟಿದ್ದವು?

ಇಂಥ ಲೆಕ್ಕಕ್ಕೆ ಹಳಬರ ಬಳಿ ‘ಇಷ್ಟಕರ್ಮ’ ಎಂಬ ಉಪಾಯವಿತ್ತು. ಉತ್ತರ ಗೊತ್ತಿಲ್ಲದಿದ್ದರೆ ಇಷ್ಟ ಬಂದ ಒಂದು ಸಂಖ್ಯೆಯನ್ನು ಉತ್ತರವೆಂದು ಇಟ್ಟುಕೊಳ್ಳಿ, ತಪ್ಪಾದರೂ ಚಿಂತೆಯಿಲ್ಲ. 384 ಮುತ್ತು ಎಂದುಕೊಳ್ಳೋಣ. ಮೂರನೇ ಒಂದು 128, ಆರನೇ ಒಂದು 64 ಹೋದರೆ ಉಳಿಯುವುದು 192. ಆರು ಸಲ ಅರ್ಧ ಮಾಡಿದರೆ 96, 48, 24, 12, 6, 3. ನಮ್ಮ ಊಹೆಯಲ್ಲಿ ಕೊನೆಗೆ ಮೂರು ಮುತ್ತು ಉಳಿಯಿತು. ಉಳಿಯಬೇಕಾದದ್ದು 1,161, ಅಂದರೆ ಮೂರರ 387 ಪಟ್ಟು. ಹಾಗಾದರೆ ನಮ್ಮ ಊಹೆಯನ್ನೂ 387 ಪಟ್ಟು ಮಾಡಿದರಾಯಿತು. 384ನ್ನು 387ರಿಂದ ಗುಣಿಸಿದರೆ 1,48,608. ತಪ್ಪು ಉತ್ತರವನ್ನೇ ಮೆಟ್ಟಿಲು ಮಾಡಿಕೊಂಡು ಸರಿ ಉತ್ತರಕ್ಕೆ ಏರುವ ಈ ವಿಧಾನದಲ್ಲಿ ಒಂದೇ ಒಂದು ಅಕ್ಷರ ಬಳಕೆಯಾಗಿಲ್ಲ.

ಕನ್ನಡಕ್ಕೆ ಬಂದ ವ್ಯವಹಾರಗಣಿತ

ಮಹಾವೀರ ಬರೆದದ್ದು ಸಂಸ್ಕೃತದಲ್ಲಿ. ಅಂಗಡಿಯಲ್ಲಿ ಕೂತವನಿಗೆ, ಶಾನುಭೋಗಿಕೆ ಮಾಡುವವನಿಗೆ, ಹೊಲ ಅಳೆಯುವವನಿಗೆ ಕನ್ನಡದಲ್ಲಿ ಹೇಳುವವರು ಬೇಕಾಗಿತ್ತು. ಆ ಕೆಲಸವನ್ನು ಮಾಡಿದವನು 12ನೇ ಶತಮಾನದ, ಹೊಯ್ಸಳರ ಕಾಲದ ಜೈನ ಕವಿ ರಾಜಾದಿತ್ಯ. ಕನ್ನಡದ ಮೊದಲ ಗಣಿತ ಲೇಖಕನೆಂದು ಹೆಸರಾದ ಈತನ ಕೃತಿಗಳು ವ್ಯವಹಾರಗಣಿತ, ಕ್ಷೇತ್ರಗಣಿತ, ವ್ಯವಹಾರರತ್ನ, ಲೀಲಾವತಿ, ಚಿತ್ರಹಸುಗೆ ಮೊದಲಾದವು. ಇವುಗಳಲ್ಲಿ ‘ವ್ಯವಹಾರಗಣಿತ’ ಗದ್ಯ ಪದ್ಯಗಳು ಬೆರೆತ ಪುಸ್ತಕ. ಪದ್ಯ ಬಾಯಿಪಾಠಕ್ಕೆ, ಗದ್ಯ ವಿವರಣೆಗೆ.

ಈ ಪುಸ್ತಕದ ಬೆನ್ನೆಲುಬು ತ್ರೈರಾಶಿಕ. ಮೂರು ಗೊತ್ತಿದ್ದರೆ ನಾಲ್ಕನೆಯದನ್ನು ಕಂಡುಹಿಡಿಯುವ ವಿಧಾನವಿದು. ಮೊದಲನೆಯದು ಪ್ರಮಾಣ, ಎರಡನೆಯದು ಫಲ, ಮೂರನೆಯದು ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಉತ್ತರ. ಮೂರು ತೆಂಗಿನಕಾಯಿಗೆ 90 ರೂಪಾಯಿ ಆದರೆ ಐದಕ್ಕೆಷ್ಟು? ಮೂರು ಪ್ರಮಾಣ, 90 ಫಲ, ಐದು ಇಚ್ಛೆ; ಉತ್ತರ 150. ಆರ್ಯಭಟ 499ರಲ್ಲೇ ಹೇಳಿದ್ದ ಈ ನಿಯಮವನ್ನು ರಾಜಾದಿತ್ಯ ಸಹಜ ತ್ರೈರಾಶಿ, ವ್ಯಸ್ತ ತ್ರೈರಾಶಿ, ಪಂಚರಾಶಿ, ಸಪ್ತರಾಶಿ, ನವರಾಶಿ ಎಂದು ವಿಸ್ತರಿಸಿ ಹೇಳುತ್ತಾನೆ. ವ್ಯಸ್ತವೆಂದರೆ ತಿರುವುಮುರುವು. ನಾಲ್ಕು ಆಳು ಆರು ದಿನದಲ್ಲಿ ಮುಗಿಸುವ ಕೆಲಸವನ್ನು ಎಂಟು ಆಳು ಮೂರೇ ದಿನದಲ್ಲಿ ಮುಗಿಸುತ್ತಾರೆ. ಇಲ್ಲಿ ಸಹಜ ತ್ರೈರಾಶಿ ಹಾಕಿದರೆ ಹನ್ನೆರಡು ದಿನ ಎಂಬ ಉತ್ತರ ಬರುತ್ತದೆ. ಆಳು ಹೆಚ್ಚಿದಷ್ಟೂ ಕೆಲಸ ನಿಧಾನವಾಗುವುದುಂಟೆ ಎಂದು ಕೇಳುವುದು ಲೆಕ್ಕ ಮಾಡುವವನ ಕೆಲಸ. ಯಾವುದು ಸಹಜ, ಯಾವುದು ವ್ಯಸ್ತ ಎಂದು ಗುರುತಿಸುವುದೇ ವಿದ್ಯೆ. ಗುಣಿಸುವುದು ಭಾಗಿಸುವುದು ಬರಿಯ ಶ್ರಮ.

ಮುಕ್ಕಾಲು ಮಗ್ಗಿ

ಆ ಶ್ರಮವನ್ನು ಕಡಿಮೆ ಮಾಡಲು ಹುಟ್ಟಿದ್ದೇ ಮಗ್ಗಿ. ಸರ್ಕಾರಿ ಶಾಲೆಗಳು ಬರುವ ಮೊದಲು ನಮ್ಮ ಊರುಗಳಲ್ಲಿ ಕೂಲಿಮಠಗಳಿದ್ದವು. ಅಲ್ಲಿನ ಅಯ್ಯಗಳು ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸಿ, ಸಂಜೆಗೆ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರು. ‘ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು’ ಎಂಬ ರಾಗ ಇಂದಿಗೂ ಹಿರಿಯರ ಕಿವಿಯಲ್ಲಿದೆ. ಆದರೆ ಅಲ್ಲಿದ್ದದ್ದು ಪೂರ್ಣ ಸಂಖ್ಯೆಗಳ ಮಗ್ಗಿ ಮಾತ್ರವಲ್ಲ. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ, ಒಂದೂವರೆ ಮಗ್ಗಿಗಳೂ ಇದ್ದವು. ಏಳರ ಮುಕ್ಕಾಲು ಐದೂಕಾಲು, ಒಂಬತ್ತರ ಒಂದೂವರೆ ಹದಿಮೂರೂವರೆ ಎಂದು ಮಕ್ಕಳು ನಿದ್ದೆಯಲ್ಲೂ ಹೇಳಬಲ್ಲವರಾಗಿದ್ದರು.

ಇದಕ್ಕೆ ಕಾರಣ ಅಂದಿನ ನಾಣ್ಯ ಮತ್ತು ಅಳತೆ. ಹಣದ ಅರ್ಧ ಅಡ್ಡ, ಕಾಲು ಹಾಗ, ಹದಿನಾರನೇ ಒಂದು ವೀಸ. ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. ಮೈಸೂರು ಸೀಮೆಯ ತೂಕದ ಸೇರಿಗೆ 24 ತೊಲ, 40 ಸೇರಿಗೆ ಒಂದು ಮಣ. ಮಣಕ್ಕೆ 10 ರೂಪಾಯಿಯಾದರೆ ಸೇರಿಗೆ 4 ಆಣೆ, 5 ರೂಪಾಯಿಯಾದರೆ 2 ಆಣೆ ಎಂಬುದು ಅಂಗಡಿಯವನ ನಾಲಗೆ ತುದಿಯಲ್ಲಿತ್ತು. ಹದಿನಾರನ್ನು ಅರ್ಧ ಮಾಡುತ್ತಾ ಹೋದರೆ ಎಂಟು, ನಾಲ್ಕು, ಎರಡು, ಒಂದು. ಎಲ್ಲಿಯೂ ಚೂರು ಉಳಿಯುವುದಿಲ್ಲ. ಬಾಯಿಲೆಕ್ಕಕ್ಕೆ ಇದಕ್ಕಿಂತ ಅನುಕೂಲವಾದ ಸಂಖ್ಯೆ ಸಿಗುವುದು ಕಷ್ಟ.

1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾ ಪೈಸೆ ಬಂತು. ಒಂದು ಆಣೆ ಎಂದರೆ ಆರೂಕಾಲು ನಯಾ ಪೈಸೆ. ಕಾಲು ನಯಾ ಪೈಸೆಯ ನಾಣ್ಯ ಇಲ್ಲದ್ದರಿಂದ ಸರ್ಕಾರದ ಪರಿವರ್ತನೆಯ ಕೋಷ್ಟಕದಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ನಿಗದಿಯಾಯಿತು. ಒಂದೊಂದಾಣೆಯ ಸಾಮಾನನ್ನು ನಾಲ್ಕು ಸಲ ಬೇರೆ ಬೇರೆಯಾಗಿ ಕೊಂಡರೆ 24 ನಯಾ ಪೈಸೆ, ಒಟ್ಟಿಗೆ ಕೊಂಡರೆ 25. ಚಿಲ್ಲರೆ ವ್ಯಾಪಾರದಲ್ಲಿ ಈ ಒಂದು ಪೈಸೆ ಯಾರ ಜೇಬಿಗೆ ಎಂಬುದು ಸಣ್ಣ ಪ್ರಶ್ನೆಯಾಗಿರಲಿಲ್ಲ. ನಾಲ್ಕಾಣೆಯ ನೆನಪು ಹೊತ್ತಿದ್ದ 25 ಪೈಸೆ ನಾಣ್ಯದ ಚಲಾವಣೆಯೂ 2011ರ ಜೂನ್ 30ಕ್ಕೆ ನಿಂತಿತು. ಉಳಿದಿರುವುದು ಮಾತು ಮಾತ್ರ. ತರಕಾರಿ ಗಾಡಿಯ ಮುಂದೆ ನಾವು ಈಗಲೂ ‘ಕಾಲು ಕೆಜಿ ಬೀನ್ಸ್, ಮುಕ್ಕಾಲು ಕೆಜಿ ಈರುಳ್ಳಿ’ ಎನ್ನುತ್ತೇವೆ. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವ ಮಕ್ಕಳಿಗೆ ಅದು ‘ಪಾಯಿಂಟ್ ಸೆವೆನ್ ಫೈವ್’. ಕೆಜಿಗೆ 64 ರೂಪಾಯಿಯ ಈರುಳ್ಳಿ ಮುಕ್ಕಾಲು ಕೆಜಿಗೆಷ್ಟು ಎಂದರೆ ಪಾಯಿಂಟ್ ಇಟ್ಟು ಗುಣಿಸುವವರಿಗೆ ಕಾಗದ ಬೇಕು. 64ರಲ್ಲಿ ಕಾಲು ಭಾಗ 16 ಕಳೆದು 48 ಎನ್ನುವವರಿಗೆ ಬೇಡ.

ಕಲ್ಯಾಣ ನಗರದ ನೆಲ, ನೀರು

ಈ ಹಳೆಯ ಅಳತೆಗಳು ಎಲ್ಲಿಯೂ ಸಂಪೂರ್ಣವಾಗಿ ಅಳಿದಿಲ್ಲ ಎನ್ನುವುದಕ್ಕೆ ಬೆಂಗಳೂರಿನ ಪೂರ್ವ ಭಾಗದ ಕಲ್ಯಾಣ ನಗರದ ನೆಲವೇ ಸಾಕ್ಷಿ. ಹೆಣ್ಣೂರು, ಬಾಣಸವಾಡಿ, ಕಾಚರಕನಹಳ್ಳಿಗಳ ನಡುವಿನ ಈ ಪ್ರದೇಶ ಒಂದು ಕಾಲಕ್ಕೆ ಹೊಲಗದ್ದೆ. ಆಗ ಅದರ ಲೆಕ್ಕ ಎಕರೆ, ಗುಂಟೆಗಳಲ್ಲಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹೆಣ್ಣೂರು ರಸ್ತೆ ಮತ್ತು ಬಾಣಸವಾಡಿ ರಸ್ತೆಯ ಹೆಸರಿನಲ್ಲಿ ಎಚ್‌ಆರ್‌ಬಿಆರ್ ಬಡಾವಣೆ ಮಾಡಿದ ಮೇಲೆ ಅದು ಚದರಡಿಯ ಲೆಕ್ಕವಾಯಿತು. ಭೂಮಾಪಕರ ಸರಪಳಿಯ ಉದ್ದ 33 ಅಡಿ, ಅದರಲ್ಲಿ 16 ಆಣೆ. ಉದ್ದಗಲ ಒಂದೊಂದು ಸರಪಳಿ ಇದ್ದರೆ ಒಂದು ಗುಂಟೆ, ಅಂದರೆ 33ನ್ನು 33ರಿಂದ ಗುಣಿಸಿದ 1,089 ಚದರಡಿ. 40 ಗುಂಟೆಗೆ ಒಂದು ಎಕರೆ, 43,560 ಚದರಡಿ. ಇದನ್ನು 30x40 ನಿವೇಶನದ 1,200ರಿಂದ ಭಾಗಿಸಿದರೆ 36 ನಿವೇಶನ ಆಗಿ ಚೂರು ಉಳಿಯುತ್ತದೆ. ಎಕರೆಗೆ 36 ನಿವೇಶನ ಎಂದು ಯಾರಾದರೂ ಹೇಳಿದರೆ ರಸ್ತೆ, ಚರಂಡಿ, ಉದ್ಯಾನ ಎಲ್ಲಿ ಎಂದು ಕೇಳಬೇಕು.

ಇನ್ನೊಂದು ಸೂಕ್ಷ್ಮವಿದೆ. ಪ್ರಾಧಿಕಾರದ ಹೊಸ ಬಡಾವಣೆಗಳಲ್ಲಿ ನಿವೇಶನದ ಅಳತೆ 9x12 ಮೀಟರ್. ಜನರ ಬಾಯಲ್ಲಿ ಅದೂ ‘ಮೂವತ್ತು ನಲವತ್ತು’. ಆದರೆ 9x12 ಮೀಟರ್ ಎಂದರೆ 108 ಚದರ ಮೀಟರ್. ಒಂದು ಚದರ ಮೀಟರಿಗೆ 10.764 ಚದರಡಿಯಂತೆ 1,162 ಚದರಡಿ ಮತ್ತು ಸ್ವಲ್ಪ. 1,200ಕ್ಕೆ 37 ಚದರಡಿಗೂ ಹೆಚ್ಚು ಕಡಿಮೆ. ಚದರಡಿಗೆ 10 ಸಾವಿರ ರೂಪಾಯಿ ಎಂದಿಟ್ಟುಕೊಂಡರೂ ಈ ಮಾತಿನ ಅಂತರದ ಬೆಲೆ ಮೂರೂವರೆ ಲಕ್ಷ ದಾಟುತ್ತದೆ.

ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ಹಿಡಿಯುವ ವಿದ್ಯೆಯ ಒಂದು ದೊಡ್ಡ ಪ್ರಯೋಗಕ್ಕೂ ಈ ನೆರೆಹೊರೆ ಸಾಕ್ಷಿಯಾಗಿದೆ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬಾಣಸವಾಡಿ ಮತ್ತು ಅಗರದ ನಡುವೆ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯನ್ನು ನೂರಡಿಯ ಉಕ್ಕಿನ ಸರಪಳಿಯಿಂದ ಅಳೆಯಿಸಿದ. ತ್ರಿಭುಜದ ಒಂದು ಬದಿ ಮತ್ತು ಅದರ ಎರಡು ಕೋನ ತಿಳಿದರೆ ಉಳಿದ ಎರಡು ಬದಿಗಳನ್ನು ಅಳೆಯದೆಯೇ ಹೇಳಬಹುದು. ಆ ಬದಿಗಳನ್ನು ಆಧರಿಸಿ ಮುಂದಿನ ತ್ರಿಭುಜ. 1802ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ಈ ಉಪಾಯದಿಂದಲೇ ಮುಂದೆ ಹಿಮಾಲಯದವರೆಗೆ ನಡೆಯಿತು.

ನೆಲದಂತೆ ನೀರಿಗೂ ಲೆಕ್ಕ ಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರ್ ದರ ಗಗನಕ್ಕೇರಿದಾಗ ಜಿಲ್ಲಾಡಳಿತ ಮಾರ್ಚ್‌ನಲ್ಲಿ ದರ ನಿಗದಿ ಮಾಡಿತು. 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 8,000ಕ್ಕೆ 700, 12,000ಕ್ಕೆ 1,000. ತ್ರೈರಾಶಿಕ ಹಾಕಿದರೆ ಸಾವಿರ ಲೀಟರಿಗೆ ಕ್ರಮವಾಗಿ 100 ರೂಪಾಯಿ, 87 ರೂಪಾಯಿ 50 ಪೈಸೆ, 83 ರೂಪಾಯಿ 33 ಪೈಸೆ. ಎಂಟು ಮನೆಯವರು ಸೇರಿ ದೊಡ್ಡ ಟ್ಯಾಂಕರ್ ತರಿಸಿದರೆ ಮನೆಗೆ 125 ರೂಪಾಯಿಗೆ 1,500 ಲೀಟರ್. ಅಷ್ಟೇ ನೀರನ್ನು ಚಿಕ್ಕ ಟ್ಯಾಂಕರಿನಲ್ಲಿ ನಾಲ್ಕು ಮನೆಯವರು ಹಂಚಿಕೊಂಡರೆ ಮನೆಗೆ 150. ಇನ್ನು ಆಕಾಶದ ನೀರು. 1,200 ಚದರಡಿ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸಾವಿರದ ನೂರು ಲೀಟರಿಗಿಂತ ಹೆಚ್ಚು ನೀರು. ಒಂದು ಒಳ್ಳೆಯ ಮಳೆಯಲ್ಲಿ ಎಷ್ಟು ನೀರು ಚರಂಡಿ ಸೇರುತ್ತದೆ ಎಂಬುದನ್ನು ಓದುಗರೇ ಗುಣಿಸಿ ನೋಡಬಹುದು.

ಬಡ್ಡಿ ಎಂಬ ಮಿಶ್ರಕ

ಮಹಾವೀರನ ಪುಸ್ತಕದ ‘ಮಿಶ್ರಕ ವ್ಯವಹಾರ’ ಎಂಬ ಅಧ್ಯಾಯದ ದೊಡ್ಡ ಭಾಗ ಬಡ್ಡಿಗೆ ಮೀಸಲು. ಅಸಲು ಬಡ್ಡಿ ಬೆರೆತ ಮೊತ್ತ ಗೊತ್ತು. ಅಸಲೆಷ್ಟು, ಬಡ್ಡಿಯೆಷ್ಟು ಎಂದು ಬಿಡಿಸುವುದು ಅಲ್ಲಿನ ಪ್ರಶ್ನೆ. ಇಂದು ನಮ್ಮ ಬಿಲ್ಲುಗಳಲ್ಲಿ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ. ಶೇ 18 ಜಿಎಸ್‌ಟಿ ಸೇರಿ ಒಂದು ವಸ್ತುವಿನ ಬೆಲೆ 1,180 ರೂಪಾಯಿ. ತೆರಿಗೆಯೆಷ್ಟು? ಅನೇಕರು 1,180ರ ಶೇ 18 ಎಂದು 212 ರೂಪಾಯಿ 40 ಪೈಸೆ ಹೇಳುತ್ತಾರೆ. ಆದರೆ ತೆರಿಗೆ ಬಿದ್ದದ್ದು 1,180ರ ಮೇಲಲ್ಲ, ಅದರೊಳಗಿನ ಮೂಲ ಬೆಲೆಯ ಮೇಲೆ. 118ಕ್ಕೆ 100 ಆದರೆ 1,180ಕ್ಕೆಷ್ಟು? ಉತ್ತರ 1,000. ತೆರಿಗೆ 180. ಬಟ್ಟೆ ಅಂಗಡಿಯ ‘ಶೇ 50 ರಿಯಾಯಿತಿ, ಅದರ ಮೇಲೆ ಶೇ 20’ ಎಂಬ ಫಲಕವೂ ಹೀಗೆಯೇ. ಸಾವಿರದ ಸೀರೆ ಮೊದಲು 500ಕ್ಕೆ ಇಳಿಯುತ್ತದೆ. ಎರಡನೇ ರಿಯಾಯಿತಿ ಆ 500ರ ಮೇಲೆ, ಅಂದರೆ 100. ಒಟ್ಟು ರಿಯಾಯಿತಿ ಶೇ 60, 70 ಅಲ್ಲ.

ಸೀರೆಯಲ್ಲಿ ಮೋಸ ಹೋದರೆ ನೂರು ರೂಪಾಯಿಯ ನಷ್ಟ. ಸಾಲದಲ್ಲಿ ಹಾಗಲ್ಲ. ‘ನೂರಕ್ಕೆ ಐದು’ ಎಂಬ ಕೈಸಾಲದ ಬಡ್ಡಿ ಕೇಳಲು ಚಿಕ್ಕದು. ಅದು ತಿಂಗಳಿಗೆ ಎಂಬುದನ್ನು ಮರೆಯಬಾರದು; ವರ್ಷಕ್ಕೆ ನೂರಕ್ಕೆ ಅರವತ್ತು. ಇದಕ್ಕಿಂತ ನಯವಾದದ್ದು ‘ಫ್ಲಾಟ್’ ಬಡ್ಡಿ. ಒಂದು ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ಶೇ 12, ಹನ್ನೆರಡು ಸಮ ಕಂತು. ಬಡ್ಡಿ 12 ಸಾವಿರ, ಒಟ್ಟು 1,12,000, ಕಂತು 9,333 ರೂಪಾಯಿ. ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ಪೂರ್ತಿ ಲಕ್ಷ ಸಾಲಗಾರನ ಕೈಯಲ್ಲಿ ಇರುವುದು ಮೊದಲ ತಿಂಗಳು ಮಾತ್ರ. ಪ್ರತಿ ಕಂತಿನಲ್ಲೂ ಅಸಲು ತೀರುತ್ತಾ ಹೋಗಿ ಕೊನೆಯ ತಿಂಗಳಿಗೆ ಉಳಿಯುವುದು ಸುಮಾರು 8,333. ಸರಾಸರಿ ತೆಗೆದರೆ ವರ್ಷವಿಡೀ ಆತ ಬಳಸಿದ್ದು ಸುಮಾರು 54 ಸಾವಿರ. 54 ಸಾವಿರಕ್ಕೆ 12 ಸಾವಿರ ಬಡ್ಡಿ ಎಂದರೆ ಶೇ 22ರಷ್ಟಾಯಿತು. ಹೇಳಿದ್ದು 12, ತೆತ್ತದ್ದು ಅದರ ಎರಡರಷ್ಟಕ್ಕೆ ಹತ್ತಿರ.

ಕಿರುಸಾಲ ವಸೂಲಿಯ ಕಿರುಕುಳದಿಂದ ರಾಜ್ಯದಲ್ಲಿ ಕುಟುಂಬಗಳು ಊರು ಬಿಟ್ಟ, ಪ್ರಾಣ ಕಳೆದುಕೊಂಡ ವರದಿಗಳು ಬಂದ ಮೇಲೆ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಸಾಲಕ್ಕೆ ಬಡತನ, ಕಾಯಿಲೆ, ಮದುವೆ ಎಂದು ನೂರು ಕಾರಣಗಳಿವೆ. ತ್ರೈರಾಶಿಕ ಬಂದರೆ ಸಾಲ ತಪ್ಪುತ್ತದೆ ಎಂದು ಹೇಳುವುದು ಕ್ರೂರವಾದೀತು. ಆದರೆ ಹೆಬ್ಬೆಟ್ಟು ಒತ್ತುವ ಮೊದಲು ಸರಿಯಾದ ಒಂದು ಪ್ರಶ್ನೆ ಕೇಳಲು ಈ ವಿದ್ಯೆ ಸಹಾಯ ಮಾಡುತ್ತದೆ.

ಏನು ಗೊತ್ತಿಲ್ಲ ಎಂಬುದು ಗೊತ್ತಿರಬೇಕು

ಈಗ ಎಲ್ಲರ ಕೈಯಲ್ಲೂ ಫೋನಿದೆ. ಫೋನಿನಲ್ಲಿ ಕ್ಯಾಲ್ಕುಲೇಟರ್ ಇದೆ. ಮಗ್ಗಿ ಏಕೆ, ಬೀಜಗಣಿತ ಏಕೆ ಎಂದು ಮಕ್ಕಳು ಕೇಳುತ್ತಾರೆ. ಅವರಿಗೆ ಮಹಾವೀರನ ಇನ್ನೊಂದು ಲೆಕ್ಕವನ್ನು ಹೇಳಬಹುದು. ಮೂವರು ವರ್ತಕರು ದಾರಿಯಲ್ಲಿ ಹಣದ ಚೀಲವೊಂದನ್ನು ಕಾಣುತ್ತಾರೆ. ಮೊದಲನೆಯವನು ಹೇಳುತ್ತಾನೆ: ಈ ಚೀಲ ನನಗೆ ಸಿಕ್ಕರೆ ನಿಮ್ಮಿಬ್ಬರ ಹಣ ಸೇರಿದ್ದಕ್ಕಿಂತ ನನ್ನದು ಎರಡು ಪಟ್ಟಾಗುತ್ತದೆ. ಎರಡನೆಯವನು ತನಗೆ ಸಿಕ್ಕರೆ ಮೂರು ಪಟ್ಟು ಎನ್ನುತ್ತಾನೆ. ಮೂರನೆಯವನು ಐದು ಪಟ್ಟು ಎನ್ನುತ್ತಾನೆ. ಚೀಲದಲ್ಲಿ ಎಷ್ಟಿತ್ತು, ಒಬ್ಬೊಬ್ಬರ ಬಳಿ ಎಷ್ಟಿತ್ತು?

ಚೀಲದಲ್ಲಿ 15, ಮೂವರ ಬಳಿ 1, 3, 5 ಎಂದಿಟ್ಟು ನೋಡಿ. ಮೊದಲನೆಯವನಿಗೆ 16, ಉಳಿದಿಬ್ಬರದು 8, ಎರಡು ಪಟ್ಟು. ಎರಡನೆಯವನಿಗೆ 18, ಉಳಿದವರದು 6, ಮೂರು ಪಟ್ಟು. ಮೂರನೆಯವನಿಗೆ 20, ಉಳಿದವರದು 4, ಐದು ಪಟ್ಟು. ಲೆಕ್ಕ ಸರಿಹೋಯಿತು. ಆದರೆ ಚೀಲದಲ್ಲಿ 30, ಮೂವರ ಬಳಿ 2, 6, 10 ಇದ್ದರೂ ಲೆಕ್ಕ ಸರಿಹೋಗುತ್ತದೆ. 45 ಇದ್ದರೂ ಅಷ್ಟೆ. ಗೊತ್ತಿಲ್ಲದ ಸಂಖ್ಯೆಗಳು ನಾಲ್ಕು, ವರ್ತಕರು ಹೇಳಿದ ಮಾತು ಮೂರು. ಒಂದು ಸಂಗತಿ ಕಡಿಮೆ ಬಿತ್ತು. ಅದು ಸಿಗುವವರೆಗೆ ಒಬ್ಬೊಬ್ಬರ ಹಣದ ಪ್ರಮಾಣ ತಿಳಿಯುತ್ತದೆಯೇ ಹೊರತು ಖಚಿತ ಮೊತ್ತ ತಿಳಿಯುವುದಿಲ್ಲ.

ಕ್ಯಾಲ್ಕುಲೇಟರ್ ಈ ಮಾತನ್ನು ಹೇಳುವುದಿಲ್ಲ. ಕೊಟ್ಟ ಸಂಖ್ಯೆಗಳನ್ನು ಅದು ಗುಣಿಸುತ್ತದೆ. ಕೊಡದೆ ಉಳಿದ ಸಂಖ್ಯೆ ಯಾವುದೆಂದು ಕೇಳುವುದಿಲ್ಲ. ಕಂತು ಇಷ್ಟು ಎಂದು ಹೇಳಿ ಬಡ್ಡಿ ದರ ಹೇಳದ ಸಾಲ, ‘ಮೂವತ್ತು ನಲವತ್ತು’ ಎಂದು ಹೇಳಿ ಅಡಿಯೋ ಮೀಟರೋ ಹೇಳದ ನಿವೇಶನ, ರಿಯಾಯಿತಿ ಹೇಳಿ ಮೂಲ ಬೆಲೆ ಹೇಳದ ಜಾಹೀರಾತು, ಇವೆಲ್ಲವೂ ಒಂದು ಸಂಗತಿ ಕಡಿಮೆಯಿರುವ ಲೆಕ್ಕಗಳೇ. ರಾಜಾದಿತ್ಯ ಎಂಟು ಶತಮಾನಗಳಿಗೂ ಹಿಂದೆ ಗಣಿತವನ್ನು ಕನ್ನಡಕ್ಕೆ ತಂದಾಗ ತನ್ನ ಪುಸ್ತಕವನ್ನು ವ್ಯವಹಾರಗಣಿತ ಎಂದು ಕರೆದ. ಮಕ್ಕಳಿಗೆ ಎಕ್ಸ್ ಬರೆಯುವುದನ್ನು ಕಲಿಸುವ ಮೊದಲು ಮನೆಯ ಒಂದು ಬಿಲ್ಲು, ಒಂದು ಸಾಲಪತ್ರ, ಒಂದು ನಿವೇಶನದ ನಕ್ಷೆಯನ್ನು ಮುಂದಿಟ್ಟು, ಇದರಲ್ಲಿ ಗೊತ್ತಿರುವುದೇನು, ಗೊತ್ತಿಲ್ಲದ್ದೇನು, ಇನ್ನೇನು ಕೇಳಬೇಕು ಎಂದು ಪಟ್ಟಿ ಮಾಡಿಸಿದರೆ ಆ ಹೆಸರಿಗೆ ನ್ಯಾಯ ಸಲ್ಲಿಸಿದಂತಾಗುತ್ತದೆ.